ಅಂಗಮಾರಿಗೆ ಹೊಡೆದ ಔಷಧಿ ಕಾಫಿ ತುಕ್ಕಿಗೆ ಯಾಕೆ ತಾಗಲಿಲ್ಲ?

ಪ್ರಶ್ನೆ: ಸರ್, ಬೇಲೂರು ಕಡೆ ನಮಗೆ ಎರಡು ಎಕರೆ ಆಲೂಗಡ್ಡೆ, ಪಕ್ಕದಲ್ಲೇ ಸ್ವಲ್ಪ ಕಾಫಿ ಇದೆ. ಅಂಗಮಾರಿಗೆ ಡೈಮೆಥೋಮಾರ್ಫ್ ಹೊಡೆದೆ, ರೋಗ ನಿಂತಿತು. ಉಳಿದಿದ್ದನ್ನು ಕಾಫಿಯ ಎಲೆ ತುಕ್ಕಿಗೆ ಹೊಡೆದೆ, ಏನೂ ಆಗಲಿಲ್ಲ. ಎರಡೂ ಫಂಗಸ್ಸೇ ಅಲ್ವಾ? ಅಂಗಡಿಯವರು ಡೂಪ್ಲಿಕೇಟ್ ಮಾಲು ಕೊಟ್ಟರಾ?

ಉತ್ತರ: ಪಾಪ, ಅಂಗಡಿಯವರನ್ನು ಸುಮ್ನೆ ಬೈಯಬೇಡಿ. ಮಾಲು ಸರಿಯಿದ್ದಿದ್ದಕ್ಕೇ ಅಂಗಮಾರಿ ನಿಂತಿದ್ದು.

ತಪ್ಪಿದ್ದು 'ಎರಡೂ ಫಂಗಸ್ಸೇ' ಅನ್ನುವಲ್ಲಿ. ಅಂಗಮಾರಿ ತರುವ ಫೈಟೋಫ್ತೊರಾ ನೋಡಲು ಶಿಲೀಂಧ್ರದ ಹಾಗಿದ್ದರೂ ಬೇರೆಯೇ ಕುಲ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಸಿದ್ದೂ ಇದೇ. ಇದರ ಮೈಗೋಡೆಯಲ್ಲಿ ಸೆಲ್ಯುಲೋಸ್ ಇದೆ, ಅಂದರೆ ನಿಮ್ಮ ಹತ್ತಿ ಪಂಚೆಯಲ್ಲಿರುವ ವಸ್ತುವೇ. ಕಾಫಿ ತುಕ್ಕಿನದು ನಿಜವಾದ ಶಿಲೀಂಧ್ರ. ಅದರ ಗೋಡೆಗೆ ಏಡಿಯ ಚಿಪ್ಪಿನಲ್ಲಿರುವ ಕೈಟಿನ್ ಬೇಕು.

ಎರಡೂ ಸಕ್ಕರೆಯ ಸರಪಳಿಗಳೇ. ಒಂದೊಂದೇ ಕೊಂಡಿ ಪೋಣಿಸುವ ಕೆಲಸ ಕಿಣ್ವಗಳದ್ದು. ಅಲ್ಲಿ ಸೆಲ್ಯುಲೋಸ್ ಸಿಂಥೇಸ್, ಇಲ್ಲಿ ಕೈಟಿನ್ ಸಿಂಥೇಸ್. ಡೈಮೆಥೋಮಾರ್ಫ್ ಗುಂಪಿನ ಔಷಧಿಗಳು ಕೈ ಕಟ್ಟಿಹಾಕುವುದು ಮೊದಲನೆಯದನ್ನು ಮಾತ್ರ. ಆಲೂಗಿಡವೂ ಸೆಲ್ಯುಲೋಸ್ ಕಟ್ಟುತ್ತದೆ, ನಿಜ. ಆದರೆ ಅದರ ಕಿಣ್ವದ ರೂಪ ಬೇರೆ, ಹಾಗಾಗಿ ಗಿಡ ಬಚಾವು.

ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. ಮಳೆ, ಮಂಜಿನಲ್ಲಿ ಫೈಟೋಫ್ತೊರಾದ ಬೀಜಕಣಗಳು ಎಲೆ ಮೇಲಿನ ನೀರಲ್ಲಿ ಈಜಾಡುತ್ತವೆ. ಆಗ ಅವಕ್ಕೆ ಗೋಡೆಯೇ ಇರುವುದಿಲ್ಲ! ಒಂದು ಕಡೆ ಕೂತ ಮೇಲೆ ಗಡಿಬಿಡಿಯಲ್ಲಿ ಗೋಡೆ ಕಟ್ಟಿಕೊಂಡು ಮೊಳೆಯುತ್ತವೆ. ಔಷಧಿ ಹಿಡಿಯುವುದು ಅಲ್ಲೇ. ಅದಕ್ಕೇ ಮೋಡ ಕವಿದಾಗಲೇ ಹೊಡೆಯಿರಿ, ಎಲೆ ಕಪ್ಪಾದ ಮೇಲೆ ಹೊಡೆದರೆ ಅರ್ಧ ದುಡ್ಡು ನೀರಿಗೆ.

ಇದರ ಉಲ್ಟಾ ಕೂಡ ನಿಜ. ತುಕ್ಕಿಗೆ ಹೊಡೆಯುವ ಹೆಕ್ಸಾಕೊನಜೋಲ್ ತಡೆಯುವುದು ಎರ್ಗೊಸ್ಟೆರಾಲ್ ಎಂಬ ಕೊಬ್ಬಿನ ತಯಾರಿಯನ್ನು. ಫೈಟೋಫ್ತೊರಾ ಅದನ್ನು ಮಾಡುವುದೇ ಇಲ್ಲ. ಹಾಗಾಗಿ ಹೆಕ್ಸಾಕೊನಜೋಲನ್ನು ಅಂಗಮಾರಿಗೆ ಹೊಡೆಯಲು ಹೋಗಬೇಡಿ.

ಇನ್ನೊಂದು ಮಾತು. ಫೈಟೋಫ್ತೊರಾದ ನೆಂಟನೇ ತರುವ ದ್ರಾಕ್ಷಿಯ ಬೂಜು ರೋಗದಲ್ಲಿ ಸೆಲ್ಯುಲೋಸ್ ಸಿಂಥೇಸ್ ಕಿಣ್ವದ ಒಂದೇ ಒಂದು ಕೊಂಡಿ ಬದಲಾಗಿ ಡೈಮೆಥೋಮಾರ್ಫ್ ಗುಂಪಿನ ಔಷಧಿ ನಾಟದಂತಾಗಿದೆ. ಆದ್ದರಿಂದ ಪ್ರತಿ ಸಲ ಡೈಮೆಥೋಮಾರ್ಫೇ ಬೇಡ, ನಡುವೆ ಬೇರೆ ರೀತಿ ಕೆಲಸ ಮಾಡುವ ಮ್ಯಾಂಕೋಜೆಬ್ ತರಹದ್ದನ್ನೂ ಬಳಸಿ. ಕಾಫಿಗೆ ಮುಂಗಾರಿಗೆ ಮೊದಲು ಶೇ 0.5ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ್ದು) ಬಳಸಿ. ಎಲೆಯ ಅಡಿಭಾಗ ಒದ್ದೆಯಾಗುವ ಹಾಗೆ ಹೊಡೆಯಿರಿ, ತುಕ್ಕು ಕೂರುವುದು ಅಲ್ಲೇ.