ಪಹಣಿಯ 1-17-08ರಲ್ಲಿ ನನ್ನ ಪಾಲಿಗೆ ಎಷ್ಟು ಅಡಿಕೆ ಸಸಿ ಹಿಡಿಯುತ್ತದೆ?

ಶಿರಸಿಯ ಹತ್ತಿರದ ನಿಮ್ಮ ತೋಟದ ಪಹಣಿಯಲ್ಲಿ 1-17-08 ಎಂದಿದೆ, ಅದನ್ನು ಮೂವರು ಅಣ್ಣತಮ್ಮಂದಿರು ಸಮಪಾಲು ಮಾಡಿಕೊಳ್ಳುತ್ತಿದ್ದೀರಿ, ನಿಮ್ಮ ಪಾಲಿನ ಐದನೆಯ ಎರಡು ಭಾಗದಲ್ಲಿ ಒಂಬತ್ತು ಅಡಿ ಅಂತರಕ್ಕೆ ಅಡಿಕೆ ಸಸಿ ನೆಡಬೇಕೆಂದಿದ್ದೀರಿ. ಕ್ಯಾಲ್ಕುಲೇಟರ್ 84 ಸಸಿ ಎನ್ನುತ್ತದೆ, ಸರಿಯೇ ಎಂಬುದು ನಿಮ್ಮ ಪ್ರಶ್ನೆ. ಸರಿಯಲ್ಲ. ನೀವು 1-17-08 ಅನ್ನು 1.1708 ಎಕರೆ ಎಂದು ಒತ್ತಿದ್ದೀರಿ. ನಾನೂ ಒಮ್ಮೆ ಹಾಗೆಯೇ ಮಾಡಿದ್ದರಿಂದ ಆ 84 ನೋಡಿದ ಕೂಡಲೇ ಗುರುತು ಸಿಕ್ಕಿತು.

ಪಹಣಿಯಲ್ಲಿರುವುದು 1 ಎಕರೆ, 17 ಗುಂಟೆ, 8 ಆಣೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. 1957ರಲ್ಲಿ ರೂಪಾಯಿಗೆ ನೂರು ಪೈಸೆಯಾದರೂ ಗುಂಟೆ ಮಾತ್ರ ಹದಿನಾರಾಣೆಯಾಗಿಯೇ ಉಳಿದಿದೆ. ಆದ್ದರಿಂದ ಮೊದಲು ಎಲ್ಲವನ್ನೂ ಗುಂಟೆಗೆ ತನ್ನಿ: 40 ಮತ್ತು 17 ಸೇರಿ 57, ಎಂಟಾಣೆಯೆಂದರೆ ಅರ್ಧ, ಒಟ್ಟು ಐವತ್ತೇಳೂವರೆ, ಅಂದರೆ 115/2 ಗುಂಟೆ. ಇದರ ಮೂರನೆಯ ಒಂದು ಭಾಗ 115/6. ಪತ್ರದಲ್ಲಿ ಬರೆಯುವುದಾದರೆ 19 ಗುಂಟೆ 2 ಆಣೆ, ಮೇಲೆ ಆಣೆಯ ಮೂರನೆಯ ಎರಡು ಭಾಗ.

ಇಲ್ಲಿ 1/3ರ ಬದಲು 0.33 ಹಾಕುವ ಆಸೆಗೆ ಬೀಳಬೇಡಿ. ನಮ್ಮ ಮನೆಯ ಹಿಸ್ಸೆಯ ಕರಡಿನಲ್ಲಿ ಹಾಗೆ ಹಾಕಿದ್ದರು, ಮೂರೂ ಪಾಲು ಕೂಡಿಸಿದರೆ ಮೊತ್ತಕ್ಕೆ ಬರಲೇ ಇಲ್ಲ. ನಿಮ್ಮ ಲೆಕ್ಕದಲ್ಲಿ ಹಾಗೆ ಮಾಡಿದರೆ ಸುಮಾರು 626 ಚದರ ಅಡಿ, ಎಂದರೆ ಏಳು ಅಡಿಕೆ ಮರ ನಿಲ್ಲುವಷ್ಟು ನೆಲ, ಯಾರ ಪಾಲಿಗೂ ಸೇರದೆ ಉಳಿಯುತ್ತದೆ. ಅಣ್ಣತಮ್ಮಂದಿರ ನಡುವೆ ಮಾತು ಬೆಳೆಯಲು ಅಷ್ಟು ಸಾಕು.

115/6 ಅನ್ನು 2/5ರಿಂದ ಗುಣಿಸಿದರೆ 230/30, ಸಂಕ್ಷೇಪಿಸಿದರೆ 23/3 ಗುಂಟೆ. ಇನ್ನು ಸಸಿಯ ಲೆಕ್ಕ. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. 33ರಲ್ಲಿ 9 ಅಡಿ 11/3 ಸಲ ಹೋಗುತ್ತದೆ. ಉದ್ದಕ್ಕೂ ಅಗಲಕ್ಕೂ ಅಷ್ಟೇ ಆದ್ದರಿಂದ ಗುಂಟೆಗೆ 121/9 ಸಸಿ, ಹದಿಮೂರೂವರೆಗೆ ತುಸು ಕಡಿಮೆ. 1089 ಅನ್ನು 81ರಿಂದ ಭಾಗಿಸುವುದಕ್ಕಿಂತ ಈ ದಾರಿ ನನಗೆ ಹಿಡಿಸುತ್ತದೆ, ಬಾಯಿಲೆಕ್ಕದಲ್ಲಿಯೇ ಮುಗಿಯುತ್ತದೆ. 23/3 ಮತ್ತು 121/9ರ ಗುಣಲಬ್ಧ 2783/27; ಭಾಗಾಕಾರ ಮಾಡುವುದು ಈಗ, ಒಮ್ಮೆ ಮಾತ್ರ. ಉತ್ತರ 103.

ಆದರೆ ಬಸಿಗಾಲುವೆ, ಧರೆ, ಓಡಾಡುವ ದಾರಿ ಇವುಗಳ ಮೇಲೆ ಸಸಿ ನೆಡಲಾಗದು. ಅವುಗಳಿಗೆಂದು ಹತ್ತನೆಯ ಒಂದು ಭಾಗ ಬಿಟ್ಟರೆ 93ರ ಹತ್ತಿರ ಬರುತ್ತದೆ. ಮೊದಲ ಬೇಸಿಗೆಯಲ್ಲಿ ಕೆಲವು ಒಣಗುವುದನ್ನೂ ಲೆಕ್ಕಕ್ಕೆ ಹಿಡಿದು ನಾನಾದರೆ ನೂರು ಸಸಿ ಹೇಳಿಡುತ್ತಿದ್ದೆ.