ಮೇಷ್ಟ್ರೇ, ನೀವು ನೋಡಿದ್ದು ಪಂದ್ಯದ ಕವಚ

ಶಿರಸಿ ಹತ್ತಿರದ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುವ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಯುರೋಪಿನ ನೈಟ್‌ಗಳು, ಅಂದರೆ ಮಧ್ಯಯುಗದ ಕುದುರೆ ಸವಾರ ಯೋಧರು, ಉಕ್ಕಿನ ಕವಚ ತೊಟ್ಟೇ ಓಡುತ್ತಿದ್ದರು, ತಾವೇ ಕುದುರೆ ಹತ್ತುತ್ತಿದ್ದರು ಅಂತ ಕಳೆದ ಸಂಚಿಕೆಯ ಲೇಖನದಲ್ಲಿತ್ತು. ಅವರ ತಕರಾರು ಅದಕ್ಕೇ: ‘ಮಗನ ಮನೆಗೆ ಹೋದಾಗ ವಿಯೆನ್ನಾದ ಮ್ಯೂಸಿಯಂನಲ್ಲಿ ಕವಚವನ್ನು ಕಣ್ಣಾರೆ ನೋಡಿದ್ದೇನೆ. 40 ಕಿಲೋ ದಾಟುತ್ತದಂತೆ. ಒಳಗಿದ್ದವನು ತಲೆ ತಿರುಗಿಸುವುದೂ ಕಷ್ಟ. ಅಂಥವನನ್ನು ರಾಟೆ ಕಟ್ಟಿ ಎತ್ತಿ ಕುದುರೆ ಮೇಲೆ ಕೂರಿಸುತ್ತಿದ್ದರು ಅಂತಲೇ ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ. ಕತ್ತಿಯಿಂದ ಕವಚ ಸೀಳುತ್ತಿದ್ದರು ಅನ್ನುವುದಾದರೂ ನಿಜವೇ? ಮಕ್ಕಳಿಗೆ ಏನು ಹೇಳಲಿ?’

ಮೇಷ್ಟ್ರೇ, ನೀವು ನೋಡಿದ್ದೂ ಸರಿ, ನಮ್ಮ ಲೇಖನದಲ್ಲಿದ್ದದ್ದೂ ಸರಿ. ತಪ್ಪಿದ್ದು ನಾವು ಹಾಕಿದ ಚಿತ್ರದಲ್ಲಿ. ಲೇಖನ ಯುದ್ಧದ ಕವಚದ ಬಗ್ಗೆ, ಚಿತ್ರ ಕುದುರೆ ಮೇಲೆ ಕೂತು ಭರ್ಜಿ ಹಿಡಿದು ಆಡುವ ಪಂದ್ಯದ ಕವಚದ್ದು, ಅದರ ಕೆಳಗೆ ‘ರಣರಂಗದಲ್ಲಿ ನೈಟ್’ ಅಂತ ಅಚ್ಚು ಹಾಕಿಬಿಟ್ಟೆವು. ಗೊಂದಲ ಹುಟ್ಟಿದ್ದೇ ಅಲ್ಲಿ. ಕ್ಷಮೆ ಇರಲಿ.

ಮೊದಲು ಯುದ್ಧದ ಕವಚ. 15ನೇ ಶತಮಾನದಲ್ಲಿ ಮಿಲಾನ್, ಆಗ್ಸ್‌ಬರ್ಗ್, ನ್ಯೂರೆಂಬರ್ಗ್ ಊರುಗಳ ಕಮ್ಮಾರರು ತಲೆಯಿಂದ ಪಾದದವರೆಗೆ ಮುಚ್ಚುವ ಕವಚ ಮಾಡುತ್ತಿದ್ದರು. ಅದರ ತೂಕ ಸಾಮಾನ್ಯವಾಗಿ 20ರಿಂದ 25 ಕಿಲೋ. ನಮ್ಮ ಅಂಗಡಿಗಳಲ್ಲಿ ಸಿಗುವ 25 ಕಿಲೋ ಅಕ್ಕಿ ಚೀಲ ನೆನಪು ಮಾಡಿಕೊಳ್ಳಿ. ಚೀಲ ಹೆಗಲ ಮೇಲಿಟ್ಟುಕೊಂಡು ಮಹಡಿ ಹತ್ತಿದರೆ ಸುಸ್ತಾಗುತ್ತದೆ, ಅಲ್ವಾ? ಅದೇ ಅಕ್ಕಿಯನ್ನು ಸಣ್ಣ ಸಣ್ಣ ಗಂಟು ಮಾಡಿ ತೋಳಿಗಿಷ್ಟು, ತೊಡೆಗಿಷ್ಟು, ಎದೆಗಿಷ್ಟು ಅಂತ ಕಟ್ಟಿಕೊಂಡರೆ ಹೊರುವ ರೀತಿಯೇ ಬೇರೆ. ಕವಚದ ಗುಟ್ಟೂ ಅಷ್ಟೇ. ಒಳಗೆ ಹತ್ತಿ ತುಂಬಿ ಹೊಲಿದ ದಪ್ಪ ಅಂಗಿ ಇರುತ್ತಿತ್ತು. ತೋಳಿನ ತಗಡುಗಳನ್ನು ಅದಕ್ಕೆ ಲಾಡಿಯಿಂದ ಕಟ್ಟುತ್ತಿದ್ದರು, ಕಾಲಿನ ಭಾರ ಸೊಂಟದಿಂದ ಇಳಿಬಿದ್ದಿರುತ್ತಿತ್ತು. ತಗಡಿನ ದಪ್ಪವೂ ಎಲ್ಲ ಕಡೆ ಒಂದೇ ಅಲ್ಲ. ಪೆಟ್ಟು ಜಾಸ್ತಿ ಬೀಳುವ ತಲೆಗೆ, ಎದೆಗೆ ದಪ್ಪ, ತೋಳಿಗೆ ತೆಳು. ಮೊಣಕೈ, ಮೊಣಕಾಲಿನ ಹತ್ತಿರ ಸಣ್ಣ ಪಟ್ಟಿಗಳು ಸಿಗಡಿಯ ಚಿಪ್ಪಿನ ಹಾಗೆ ಒಂದರ ಮೇಲೊಂದು ಜಾರುತ್ತಿದ್ದವು.

ಇದನ್ನು ತೊಟ್ಟು ಏನೇನು ಮಾಡಬಹುದಿತ್ತು ಅನ್ನುವುದಕ್ಕೆ ಫ್ರಾನ್ಸಿನ ಮಾರ್ಷಲ್, ಅಂದರೆ ಸೇನಾಪತಿ, ಬೂಸಿಕೋ ಒಳ್ಳೆಯ ಉದಾಹರಣೆ. ಆತ ಬದುಕಿದ್ದಾಗಲೇ ಬರೆದ ಜೀವನಚರಿತ್ರೆ ಇದೆ. ಶಿರಸ್ತ್ರಾಣ ಒಂದು ಬಿಟ್ಟು ಉಳಿದೆಲ್ಲ ಕವಚ ತೊಟ್ಟು ಲಾಗ ಹಾಕುತ್ತಿದ್ದ, ರಿಕಾಪಿಗೆ ಕಾಲಿಡದೆ ಕುದುರೆ ಮೇಲೆ ಹಾರುತ್ತಿದ್ದ ಅಂತ ಅದು ಹೇಳುತ್ತದೆ. ಹೊಗಳಿಕೆ ಸ್ವಲ್ಪ ಸೇರಿರಬಹುದು ಅಂತಲೇ ಇಟ್ಟುಕೊಳ್ಳಿ, ಆದರೆ ರಾಟೆ ಕಟ್ಟಿ ಎತ್ತಬೇಕಾದ ಮನುಷ್ಯನ ಬಗ್ಗೆ ಹೀಗೆ ಬರೆಯಲು ಯಾರಿಗೂ ಧೈರ್ಯ ಬರುವುದಿಲ್ಲ. ರಾಟೆಯ ಕಥೆ ಬಹಳ ಈಚಿನದು. ಅದನ್ನು ಪಾಠದಿಂದ ತೆಗೆದುಬಿಡಿ.

ಹಾಗಂತ ಕವಚ ಹಗುರ ಅಂತ ಹೇಳುವುದೂ ತಪ್ಪಾಗುತ್ತದೆ. 2011ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದವರು ಕವಚ ತೊಟ್ಟು ಅಭ್ಯಾಸವಿದ್ದವರನ್ನೇ ಕರೆದು, ಅಂಥದ್ದೇ ಕವಚ ತೊಡಿಸಿ, ಟ್ರೆಡ್‌ಮಿಲ್ ಮೇಲೆ ನಡೆಸಿ ಓಡಿಸಿ ನೋಡಿದರು. ಕವಚ ಇಲ್ಲದೆ ನಡೆದಾಗಿಗಿಂತ ಸುಮಾರು ಎರಡು ಪಟ್ಟು ಶಕ್ತಿ ಖರ್ಚಾಯಿತು. ಕಾರಣ ಬರೀ ತೂಕವಲ್ಲ. ಕಾಲಿಗೆ ಕಟ್ಟಿದ ಉಕ್ಕನ್ನು ಪ್ರತಿ ಹೆಜ್ಜೆಗೂ ಎತ್ತಿ ಬೀಸಬೇಕು, ಎದೆಯ ತಗಡು ಬಿಗಿಯಾಗಿರುವುದರಿಂದ ಉಸಿರು ತುಂಬ ಎಳೆದುಕೊಳ್ಳಲು ಬರುವುದಿಲ್ಲ. ಈಗ 1415ರ ಅಕ್ಟೋಬರ್ 25ರಂದು ಫ್ರಾನ್ಸಿನಲ್ಲಿ ಫ್ರೆಂಚರಿಗೂ ಇಂಗ್ಲಿಷರಿಗೂ ನಡೆದ ಅಜಿನ್‌ಕೋರ್ಟ್ ಕದನ ನೆನೆಯಿರಿ. ಆಗಷ್ಟೇ ಉತ್ತ ಹೊಲ, ರಾತ್ರಿಯಿಡೀ ಮಳೆ, ಕೆಸರು. ಅದರಲ್ಲಿ ಫ್ರೆಂಚ್ ನೈಟ್‌ಗಳು ಕವಚ ತೊಟ್ಟು, ಎದುರಿನಿಂದ ಬರುವ ಬಾಣಗಳಿಗೆ ತಲೆ ತಗ್ಗಿಸಿಕೊಂಡು, ಒಬ್ಬರನ್ನೊಬ್ಬರು ಒತ್ತುತ್ತಾ ನಡೆದುಕೊಂಡೇ ಹೋದರು. ಇಂಗ್ಲಿಷರ ಸಾಲು ಮುಟ್ಟುವ ಹೊತ್ತಿಗೆ ಅರ್ಧ ಶಕ್ತಿ ಕೆಸರಿಗೇ ಹೋಗಿತ್ತು. ಲಾಗ ಹಾಕುತ್ತಿದ್ದ ಬೂಸಿಕೋ ಕೂಡ ಅವತ್ತು ಸೆರೆ ಸಿಕ್ಕ. 1421ರಲ್ಲಿ ಇಂಗ್ಲೆಂಡಿನ ಸೆರೆಯಲ್ಲೇ ತೀರಿಕೊಂಡ.

ಕತ್ತಿಯ ವಿಷಯ. ಎರಡು ಕೈಯ ಉದ್ದ ಕತ್ತಿ ಕೂಡ ಒಂದೂವರೆ ಕಿಲೋ ಆಸುಪಾಸು. ಬೀಸಿ ಹೊಡೆದರೆ ಒಳ್ಳೆಯ ತಗಡಿನ ಮೇಲೆ ಗೀರು ಬೀಳುತ್ತದೆ, ಅಷ್ಟೇ, ಸೀಳುವುದಿಲ್ಲ. ಇದು ಆ ಕಾಲದವರಿಗೂ ಗೊತ್ತಿತ್ತು. ಇಟಲಿಯ ಫಿಯೋರೆ ಎಂಬ ಕತ್ತಿವರಸೆಯ ಗುರು 15ನೇ ಶತಮಾನದ ಆರಂಭದಲ್ಲಿ ಚಿತ್ರಗಳ ಸಮೇತ ಪಾಠ ಬರೆದಿಟ್ಟಿದ್ದಾನೆ. ಅದರಲ್ಲಿ ಕವಚಧಾರಿಗಳು ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯಲ್ಲಿ ಕತ್ತಿಯ ಅಲಗನ್ನೇ ನಡುವೆ ಹಿಡಿದು ಗಿಡ್ಡ ಈಟಿಯ ಹಾಗೆ ಚುಚ್ಚುತ್ತಾರೆ. ಗುರಿ ಕಂಕುಳು, ಮೊಣಕಾಲಿನ ಹಿಂಬದಿ, ಕಣ್ಣಿನ ಸಂದು. ಅಂದರೆ ತಗಡು ಇಲ್ಲದ ಜಾಗ. ಕೆಲವರು ಕತ್ತಿಯನ್ನು ತಲೆಕೆಳಗು ಹಿಡಿದು ಹಿಡಿಯಿಂದಲೇ ಸುತ್ತಿಗೆಯ ಹಾಗೆ ಬಾರಿಸುತ್ತಿದ್ದರು. ಉದ್ದ ಹಿಡಿಯ ಕೊಡಲಿಗೆ ಒಂದು ಬದಿ ಸುತ್ತಿಗೆ, ತುದಿಯಲ್ಲಿ ಮೊಳೆಯಂಥ ಮೊನೆ ಇರುತ್ತಿತ್ತು. ತಗಡು ತೂತಾಗದಿದ್ದರೂ ಒಳಗಿನ ತಲೆ ಧಿಮ್ ಅನ್ನಬೇಕು. ನೆಲಕ್ಕೆ ಬಿದ್ದ ಮೇಲೆ ಗಟ್ಟಿ ಮೊನೆಯ ಕಠಾರಿ. ಓದುವಾಗ ಮೈ ಜುಮ್ಮೆನ್ನುತ್ತದೆ. ಇದನ್ನು ಮಕ್ಕಳಿಗೆ ಎಷ್ಟು ಹೇಳಬೇಕು ಅನ್ನುವುದು ನಿಮಗೇ ಬಿಟ್ಟದ್ದು.

ಇನ್ನು ನೀವು ವಿಯೆನ್ನಾದಲ್ಲಿ ನೋಡಿದ್ದು. ನೀವು ಕಳಿಸಿದ ಫೋಟೋದಲ್ಲಿ ಶಿರಸ್ತ್ರಾಣದ ಮುಂಭಾಗ ಕಪ್ಪೆಯ ಮೂತಿಯ ಹಾಗೆ ಚಾಚಿದೆ. ಅದು ಎದೆಯ ತಗಡಿಗೆ ತಿರುಪಿನಿಂದ ಬಿಗಿಯಾಗಿದೆ. ಜರ್ಮನ್ ನಾಡಿನಲ್ಲಿ ಭರ್ಜಿ ಪಂದ್ಯಕ್ಕೆಂದೇ ಮಾಡುತ್ತಿದ್ದ ಈ ಕವಚಕ್ಕೆ ‘ಸ್ಟೆಖ್‌ಟ್ಸಾಯ್ಗ್’ ಅನ್ನುತ್ತಾರೆ. ಆ ನಾಡಿನ ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್‌ಗೆ ಈ ಆಟದ ಹುಚ್ಚು ವಿಪರೀತ. ಇದರಲ್ಲಿ ಓಡುವುದೂ ಇಲ್ಲ, ನೆಲದ ಮೇಲೆ ನಿಂತು ಕಾದುವುದೂ ಇಲ್ಲ. ಕುದುರೆ ಮೇಲೆ ಕೂತು ಎದುರಿನವನ ಕಡೆ ನುಗ್ಗುವುದು, ಭರ್ಜಿಯಿಂದ ಹೊಡೆಯುವುದು, ವಾಪಸ್ ಬರುವುದು, ಇಷ್ಟೇ. ಆದ್ದರಿಂದ ಭಾರವಾದರೆ ಒಳ್ಳೆಯದೇ. ಸವಾರ ಸ್ವಲ್ಪ ಮುಂದೆ ಬಾಗಿದರೆ ಮಾತ್ರ ಸಂದಿನಿಂದ ದಾರಿ ಕಾಣುತ್ತಿತ್ತು. ಭರ್ಜಿ ತಾಗುವ ಗಳಿಗೆಗೆ ನೆಟ್ಟಗೆ ಕೂತರೆ ಸಂದು ಮೇಲಕ್ಕೆ ಹೋಗಿ ಕಣ್ಣು ಭದ್ರ. ಅಂದರೆ ಹೊಡೆತದ ಗಳಿಗೆಯಲ್ಲಿ ಅವನು ಕುರುಡ! ಭರ್ಜಿಯ ಮೊನೆಯೂ ಚೂಪಾಗಿರದೆ ಪುಟ್ಟ ಕಿರೀಟದ ಹಾಗೆ ಮೂರು ನಾಲ್ಕು ಹಲ್ಲಿನದಾಗಿರುತ್ತಿತ್ತು. ತೂರಿ ಹೋಗಬಾರದು, ಕಚ್ಚಿ ಹಿಡಿಯಬೇಕು. ಕುದುರೆಯ ಕಣ್ಣಿಗೂ ಬಟ್ಟೆ ಕಟ್ಟುತ್ತಿದ್ದರು.

ಇಷ್ಟೆಲ್ಲ ಎಚ್ಚರ ಇದ್ದರೂ ಪಂದ್ಯದಲ್ಲಿ ಜೀವ ಹೋಗುತ್ತಿತ್ತು. ಫ್ರಾನ್ಸಿನ ದೊರೆ ಎರಡನೇ ಹೆನ್ರಿ 1559ರ ಜೂನ್ 30ರಂದು ಪ್ಯಾರಿಸ್‌ನಲ್ಲಿ, ಮಗಳ ಮದುವೆಯ ಸಂಭ್ರಮದ ಪಂದ್ಯದಲ್ಲಿ, ಇನ್ನೂ ಒಂದು ಓಟ ಆಗಲೇಬೇಕು ಅಂತ ಹಟ ಹಿಡಿದ. ಎದುರಾಳಿ ಅವನದೇ ಕಾವಲು ಪಡೆಯ ಮಾಂಟ್‌ಗೊಮರಿ. ಭರ್ಜಿ ಮುರಿಯಿತು, ಅದರ ಸಿಬಿರು ಮುಖಗವಸಿನೊಳಗೆ ನುಗ್ಗಿ ಕಣ್ಣಿನ ಹತ್ತಿರ ನೆಟ್ಟಿತು. ಆ ಕಾಲದ ಅತ್ಯುತ್ತಮ ವೈದ್ಯರಾದ ಪಾರೆ ಮತ್ತು ವೆಸೇಲಿಯಸ್ ಇಬ್ಬರೂ ಬಂದು ನೋಡಿದರು. ಹತ್ತು ದಿನ ನರಳಿ ದೊರೆ ಜುಲೈ 10ರಂದು ಸತ್ತ. ಅಲ್ಲೇ ಪಕ್ಕದಲ್ಲಿದ್ದ ಅರಮನೆಯನ್ನು ರಾಣಿ ಕ್ಯಾಥರೀನ್ ಮುಂದೆ ಕೆಡವಿಸಿಬಿಟ್ಟಳು.

ಮಕ್ಕಳು ‘ಈಗಲೂ ಆಡ್ತಾರಾ ಸಾರ್’ ಅಂತ ಕೇಳಿದರಂತಲ್ಲ, ಹೌದು, ಆಡುತ್ತಾರೆ. 2010ರಲ್ಲಿ ಉಕ್ರೇನಿನ ಖೋಟಿನ್ ಕೋಟೆಯಲ್ಲಿ ‘ಬ್ಯಾಟಲ್ ಆಫ್ ದಿ ನೇಷನ್ಸ್’ ಎಂಬ ದೇಶದೇಶಗಳ ನಡುವಿನ ಸ್ಪರ್ಧೆ ಶುರುವಾಯಿತು. ನಿಜವಾದ ಉಕ್ಕಿನ ಕವಚ, ಮೊಂಡು ಮಾಡಿದ ಆಯುಧ, ಗುಂಪಿನ ಕಾಳಗ. ಚುಚ್ಚುವ ಹಾಗಿಲ್ಲ, ಮೊಣಕಾಲಿನ ಹಿಂದೆ ಹೊಡೆಯುವ ಹಾಗಿಲ್ಲ. ಅಂದರೆ ಫಿಯೋರೆ ಕಲಿಸಿದ ಆ ಚುಚ್ಚುವ ಪಾಠವೇ ಇಲ್ಲಿ ನಿಷಿದ್ಧ. ಪಾದ ಬಿಟ್ಟು ಕೈಯೋ ಮೊಣಕಾಲೋ ನೆಲಕ್ಕೆ ತಾಗಿದರೆ ಔಟ್.

ಮುಂದಿನ ಸಂಚಿಕೆಯಲ್ಲಿ ಎರಡೂ ಕವಚಗಳನ್ನು ಅಕ್ಕಪಕ್ಕ ಅಚ್ಚು ಹಾಕುತ್ತೇವೆ, ಈ ಸಲ ಸರಿಯಾದ ಹೆಸರಿನೊಂದಿಗೆ. ಅದಕ್ಕೆ ನಿಮ್ಮ ಫೋಟೋ ಬಳಸಬಹುದೇ? ಅದರಲ್ಲಿ ಎದೆಯ ಬಲಬದಿಗೆ ಉಕ್ಕಿನ ಕೊಕ್ಕೆಯೊಂದು ಮುಂದಕ್ಕೆ ಚಾಚಿದೆ, ಅದು ಭರ್ಜಿಯ ಭಾರ ಹೊರುವ ಆಸರೆ. ಅದರ ಹಿಂಭಾಗ ಭರ್ಜಿಯ ಬುಡ ಮೇಲೇಳದಂತೆ ತಡೆಯುತ್ತದೆ, ನಿಮ್ಮ ಫೋಟೋದಲ್ಲಿ ಆ ಭಾಗ ಚೌಕಟ್ಟಿನಿಂದ ಹೊರಗೆ ಉಳಿದುಬಿಟ್ಟಿದೆ. ಪಕ್ಕದಿಂದ ತೆಗೆದದ್ದು ಇನ್ನೊಂದಿದ್ದರೆ ದಯವಿಟ್ಟು ಕಳಿಸಿ.

ಸಂಪಾದಕ