ಆಸಕ್ತಿ ಇದ್ದರೆ ಸಾಕೇ, ಅಕ್ಕಾ?

ತಂಗೀ, ದಾವಣಗೆರೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸಿ ಈಗ ಎಚ್-4 ವೀಸಾದಲ್ಲಿ (ಎಚ್-1ಬಿ ಉದ್ಯೋಗಿಯ ಸಂಗಾತಿಗೆ ಸಿಗುವ ವೀಸಾ) ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದಿದ್ದೀರಿ. "ಓದು ನನಗೆ ಹತ್ತಲಿಲ್ಲ, ಆಸಕ್ತಿ ಮಾತ್ರ ಬೇಕಾದಷ್ಟಿದೆ, ಇಲ್ಲಿ ಕಾಸ್ಮೆಟಾಲಜಿ (ಸೌಂದರ್ಯ ಸೇವೆಯ ಕೋರ್ಸ್) ಪಾಸಾಗಲು ಅಷ್ಟು ಸಾಕೇ?" ಎಂದು ಕೇಳಿದ್ದೀರಿ. ಶಾಲೆಗೆ ಸೇರಲು ಸಾಕು, ಲೈಸೆನ್ಸ್ ಪಡೆಯಲು ಸಾಲದು.

ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ತರಬೇತಿ 1600 ಗಂಟೆಗಳಿಂದ 1000ಕ್ಕೆ ಇಳಿದಿದೆ, ಪ್ರಾಯೋಗಿಕ ಪರೀಕ್ಷೆಯೂ ರದ್ದಾಗಿದೆ. ಎಲ್ಲರೂ ಸುಲಭವಾಯಿತು ಎನ್ನುತ್ತಾರೆ. ಕೈ ಪಳಗಿ ಪುಸ್ತಕಕ್ಕೆ ಹೆದರುವವರಿಗೆ ಇದು ಕಷ್ಟವೇ ಆಯಿತು ಎಂಬುದು ನನ್ನ ಅಭಿಪ್ರಾಯ. ಕತ್ತರಿಯ ಚಳಕ ತೋರಿಸಿ ಗೆಲ್ಲುವ ದಾರಿ ಮುಚ್ಚಿತು. ಉಳಿದದ್ದು ಲಿಖಿತ ಪರೀಕ್ಷೆ ಒಂದೇ. ಅದನ್ನು ಸ್ಪ್ಯಾನಿಷ್, ವಿಯೆಟ್ನಾಮೀಸ್, ಕೊರಿಯನ್ ಭಾಷೆಗಳಲ್ಲೂ ಬರೆಯಬಹುದು. ಕನ್ನಡವಿಲ್ಲ, ಹಿಂದಿಯೂ ಇಲ್ಲ.

ಆದರೆ ನಿಮ್ಮ ಆಸಕ್ತಿ ವ್ಯರ್ಥವಲ್ಲ, ಅದನ್ನು ಪುಸ್ತಕದ ಕಡೆಗೆ ತಿರುಗಿಸಬೇಕು ಅಷ್ಟೆ. ಮೈ ಸೋಪಿನಿಂದ ತಲೆ ತೊಳೆದರೆ ಕೂದಲು ಒರಟಾಗುತ್ತದೆ, ಸೀಗೆಕಾಯಿಯಿಂದ ಹಾಗಾಗುವುದಿಲ್ಲ. ಇದು ನಿಮಗೆ ಗೊತ್ತಿರುವುದೇ. ಸೋಪು ಕ್ಷಾರೀಯ, ಸೀಗೆಕಾಯಿ ತುಸು ಆಮ್ಲೀಯ. ಪಿಎಚ್ (ಆಮ್ಲ-ಕ್ಷಾರ ಅಳೆಯುವ ಮಾನ) ಅಧ್ಯಾಯ ಶುರುವಾಗುವುದೇ ಇಲ್ಲಿಂದ. ಅದರಲ್ಲಿ ಒಂದು ಅಂಕಿಯ ವ್ಯತ್ಯಾಸವೆಂದರೆ ಹತ್ತು ಪಟ್ಟು ಎಂಬುದನ್ನು ಮಾತ್ರ ಹೊಸದಾಗಿ ಕಲಿಯಬೇಕು. ಹೈಡ್ರಾಕ್ಸೈಡ್ ರಿಲ್ಯಾಕ್ಸರ್ (ಕೂದಲು ನೇರ ಮಾಡುವ ರಾಸಾಯನಿಕ) ಹಾಕಿಸಿಕೊಂಡ ಕೂದಲಿಗೆ ಥಯೋ ಪರ್ಮ್ (ಗುಂಗುರು ಮಾಡುವ ರಾಸಾಯನಿಕ) ಮಾಡಿದರೆ ಅದು ತುಂಡಾಗುತ್ತದೆ, ಏಕೆಂದರೆ ಆ ಎರಡು ರಾಸಾಯನಿಕಗಳಿಗೆ ಹೊಂದಾಣಿಕೆ ಇಲ್ಲ. ಗ್ರಾಹಕಿಯ ಕೂದಲು ಕೈಗೆ ಬಂದಾಗ ಏಕೆ ಹೀಗಾಯಿತು ಎಂದು ಕೇಳಿದವರೇ ನನ್ನ ತರಗತಿಯಲ್ಲಿ ಮುಂದೆ ಬಂದರು. ಮೊದಲ ವಾರವೇ ಚಂದದ ಜಡೆ ಹೆಣೆದು ಹೊಗಳಿಸಿಕೊಂಡ ಕೆಲವರು ಸೋಂಕು ನಿವಾರಣೆಯ ಪಾಠಕ್ಕೆ ಬಂದಾಗ ಮೊಬೈಲ್ ತೆಗೆದರು. ಪರೀಕ್ಷೆಯಲ್ಲಿ ಎಡವಿದ್ದೂ ಅಲ್ಲೇ. ಉಪಕರಣವನ್ನು ಮೊದಲು ತೊಳೆದು, ಆಮೇಲೆ ದ್ರಾವಣದಲ್ಲಿ ಪೂರ್ತಿ ಮುಳುಗಿಸಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಬೇಕು. ನೋಡಲು ಸಣ್ಣ ವಿಷಯ, ಪ್ರಶ್ನೆಗಳು ಮಾತ್ರ ಸಾಲುಸಾಲು.

ವೀಸಾ ವಿಚಾರವನ್ನೂ ಹೇಳಿಬಿಡುತ್ತೇನೆ. ಎಚ್-4ನಲ್ಲಿ ಓದಬಹುದು, ಇಎಡಿ (ಕೆಲಸದ ಅನುಮತಿ ಪತ್ರ) ಇಲ್ಲದೆ ದುಡಿಯುವಂತಿಲ್ಲ. ಲೈಸೆನ್ಸ್ ಬಂದ ಮಾತ್ರಕ್ಕೆ ಕೆಲಸದ ಅನುಮತಿ ಬಂದಂತಲ್ಲ. ಇಎಡಿಗೆ ಸಾಮಾನ್ಯವಾಗಿ ಬೇಕಾಗುವ ಐ-140 (ಕಂಪನಿ ಅವರಿಗಾಗಿ ಹಾಕುವ ಗ್ರೀನ್ ಕಾರ್ಡ್ ಅರ್ಜಿ) ಮಂಜೂರಾಗಿದೆಯೇ ಎಂದು ಯಜಮಾನರನ್ನು ಇವತ್ತೇ ಕೇಳಿ. ಬರೀ ದಾರದಿಂದ ಹುಬ್ಬು ತಿದ್ದುವುದಾದರೆ ಈ ರಾಜ್ಯದಲ್ಲಿ ಲೈಸೆನ್ಸ್ ಬೇಕಿಲ್ಲ, ವ್ಯಾಕ್ಸಿಂಗ್‌ಗೆ ಬೇಕು. ಟೆಕ್ಸಾಸ್‌ನಲ್ಲಿ ದಾರ ಹಿಡಿಯುವವರಿಗೂ 750 ಗಂಟೆಗಳ ತರಬೇತಿ ಕಡ್ಡಾಯವಾಗಿತ್ತು, 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ದಾವೆಯ ಹೆಸರಿನಲ್ಲೇ ಒಬ್ಬರು ಪಟೇಲ್ ಇದ್ದಾರೆ!

ಶಾಲೆ ನೋಡಲು ಹೋದಾಗ ಸಲೂನ್ ಹಾಲ್‌ನ ಕನ್ನಡಿ, ದೀಪಗಳಿಗೆ ಮರುಳಾಗಬೇಡಿ. ಥಿಯರಿ ತರಗತಿಯಲ್ಲಿ ಒಂದು ದಿನ ಕೂರಲು ಬಿಡುತ್ತೀರಾ ಎಂದು ಕೇಳಿ. ಬಿಡದ ಕಡೆ ಮುಂಗಡ ಕಟ್ಟಬೇಡಿ.